ಹಗುರ ಮಾಡುವುದು

ಪರದೆಯ ಮೇಲೆ ನೀಲಿ ಬಳೆಯೊಂದು ತಿರುಗುತ್ತಲೇ ಇತ್ತು. ದಿವ್ಯ ಅದನ್ನು ನೋಡುತ್ತ ಕೂತು ಎಷ್ಟು ಹೊತ್ತಾಯಿತೋ, ಕೆಳಗಿನ ಟೈರ್ ಅಂಗಡಿಯಲ್ಲಿ ಟ್ರಾಕ್ಟರಿನ ಚಕ್ರ ಬಿಚ್ಚಿ, ಪಂಚರ್ ಹಾಕಿ, ಮತ್ತೆ ಕೂರಿಸಿ, ಅದು ಕಬ್ಬಿನ ಲೋಡಿನ ಸಮೇತ ಪಾಂಡವಪುರದ ಕಡೆ ಹೊರಟೂ ಹೋಯಿತು. ಇಲ್ಲಿ ಮಾತ್ರ, ಒಂದು ಗೋಡೆಯನ್ನು ಗೇಣುದ್ದ ಪಕ್ಕಕ್ಕೆ ಸರಿಸೆಂದರೆ ಸರಿಸಬೇಕೋ ಬೇಡವೋ ಎಂದು ಕಂಪ್ಯೂಟರು ಇನ್ನೂ ಯೋಚನೆ ಮಾಡುತ್ತಿತ್ತು. ಬೇರೆಯವರಾಗಿದ್ದರೆ ಮೌಸನ್ನು ಕುಟ್ಟುತ್ತಿದ್ದರು, ಬೈಯುತ್ತಿದ್ದರು. ದಿವ್ಯಳಿಗೆ ಈ ಕಾಯುವುದು ಬೇಸರವೆನಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಅವಳಿಗೆ ಸಿಗುತ್ತಿದ್ದ ಬಿಡುವೆಂದರೆ ಇದೊಂದೇ. ಬಳೆ ತಿರುಗುವಷ್ಟು ಹೊತ್ತು ಅವಳನ್ನು ಯಾರೂ ಏನೂ ಕೇಳುವಂತಿಲ್ಲ. ಕೇಳಿದರೆ ಪರದೆಯತ್ತ ಬೆರಳು ತೋರಿಸಿದರಾಯಿತು. ಆ ಹೊತ್ತಿನಲ್ಲಿ ಅವಳು ತನ್ನ ಪಾಡಿಗೆ ತಾನು ಎದ್ದು ಬೇರೆ ಕಡೆ ಹೋಗುತ್ತಿದ್ದಳು. ಮೈ ಕುರ್ಚಿಯಲ್ಲೇ ಇರುತ್ತಿತ್ತು, ಕೈ ಮೌಸಿನ ಮೇಲೆಯೇ ಇರುತ್ತಿತ್ತು. ಆದರೆ ಅಂಗಾಲಿಗೆ ಕೆಂಪು ನೆಲ ತಣ್ಣಗೆ ತಾಗುತ್ತಿತ್ತು, ಕಿಟಕಿಯ ಕಟ್ಟೆಯ ಮೇಲೆ ಸಂಜೆಯ ಬಿಸಿಲು ಬಿದ್ದಿರುತ್ತಿತ್ತು, ಮತ್ತು ಎಲ್ಲಿಯೂ ಯಾರೂ ಕೆಮ್ಮುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಹಳೇ ರಸ್ತೆಯ ಪಕ್ಕದ ಈ ಮಹಡಿ ಆಫೀಸಿನಲ್ಲಿ ಕಟ್ಟಡದ ಮಾಡೆಲ್ ಮಾಡುವುದು ಅವಳ ಕೆಲಸ. ಮಾಡೆಲ್ ಎಂದರೆ ರಟ್ಟಿನದಲ್ಲ, ಕಂಪ್ಯೂಟರಿನೊಳಗೆ ಕಟ್ಟುವಂಥದ್ದು. ಗೋಡೆ ಬಾಗಿಲು ನಲ್ಲಿ ಫ್ಯಾನು ಎಲ್ಲವನ್ನೂ ಒಳಗೇ ಜೋಡಿಸಿ, ನಿಜವಾದ ಒಂದು ಇಟ್ಟಿಗೆಯೂ ಇಳಿಯುವ ಮೊದಲು ಕಟ್ಟಡದ ತುಂಬ ಓಡಾಡಿ ಬರಬಹುದು. ಸದ್ಯಕ್ಕೆ ಅವಳ ಮುಂದೆ ಇದ್ದದ್ದು ಕೆ.ಆರ್. ಪೇಟೆಯಲ್ಲಿ ಕಟ್ಟಬೇಕಾದ ಒಂದು ಸಮುದಾಯ ಭವನ. ಮದುವೆಗೆ ದೊಡ್ಡ ಹಾಲ್, ಊಟಕ್ಕೆ ಇನ್ನೊಂದು ಹಾಲ್, ಮೇಲೆ ಗಂಡಿನ ಕಡೆಯವರ ಕೋಣೆಗಳು, ಹೆಣ್ಣಿನ ಕಡೆಯವರ ಕೋಣೆಗಳು. ಎರಡು ವರ್ಷದಿಂದ ಕಮಿಟಿಯವರು ಬಂದು ಬಂದು, ಇದು ಹಿಗ್ಗಲಿ ಅದು ಕುಗ್ಗಲಿ ಎಂದು ಹೇಳಿ ಹೇಳಿ, ಫೈಲು ಊದಿಕೊಂಡು ಆಫೀಸಿನ ಯಾವ ಕಂಪ್ಯೂಟರಿಗೂ ಎತ್ತಲಾಗದಂತಾಗಿತ್ತು. ಹೋದ ಸಲ ಕಮಿಟಿಯವರಿಗೆ ದೊಡ್ಡ ಟೀವಿಯ ಮೇಲೆ ಭವನದ ಒಳಗನ್ನು ತೋರಿಸುತ್ತಿದ್ದಾಗ, ಊಟದ ಹಾಲಿನಿಂದ ಕೈತೊಳೆಯುವ ಕಡೆಗೆ ತಿರುಗಿದ ಚಿತ್ರ ಕಕ್ಕಸಿನ ಬಾಗಿಲಲ್ಲಿ ನಿಂತದ್ದು ನಿಂತೇಬಿಟ್ಟಿತು. ಬಿಳೀ ಕಮೋಡೊಂದು ಗೋಡೆಯಗಲ ಹರಡಿಕೊಂಡು ಕೂತಿತು. ಕಾಫಿ ತರಿಸಿ, ಕುಡಿದು, ಲೋಟ ಕೆಳಗಿಟ್ಟರೂ ಅದು ಕದಲಲಿಲ್ಲ. ಕಮಿಟಿಯ ಅಧ್ಯಕ್ಷ ಮಂಚಯ್ಯ ಪಕ್ಕದವನ ಕಿವಿಗೆ, ಆದರೆ ಎಲ್ಲರಿಗೂ ಕೇಳುವಂತೆ, "ನಮ್ ಕಾಸೆಲ್ಲ ಇದ್ಕೇ ಓಯ್ತದೋ ಎಂಗ್ಲಾ?" ಎಂದ. ಎಲ್ಲರೂ ನಕ್ಕರು. ಆಫೀಸಿನ ಯಜಮಾನ, ಎಂಜಿನಿಯರ್ ಶಿವಶಂಕರ್ ಕೂಡ ನಕ್ಕ; ಆದರೆ ಅವನ ಕಿವಿ ಕೆಂಪಗಾದದ್ದನ್ನು ದಿವ್ಯ ನೋಡಿದಳು.

ಇವತ್ತು ಊಟದ ಮೇಲೆ ಕಮಿಟಿಯವರು ಮತ್ತೆ ಬರುವವರಿದ್ದರು. ಶಿವಶಂಕರ್ ಬೆಳಿಗ್ಗೆ ಬಂದವನೇ ಹೆಲ್ಮೆಟ್ ಕೂಡ ತೆಗೆಯದೆ ಅವಳ ಮೇಜಿನ ಹತ್ತಿರ ನಿಂತ. "ನೋಡಮ್ಮ ದಿವ್ಯ, ಯಾರ್ ಕಸ ಅದ್ರೊಳಗೆ ಸೇರ್ಕಂಡೈತೆ ಅಂತ ನಾನ್ ಕೇಳಕಿಲ್ಲ. ಅವ್ರು ಬರೋದ್ರೊಳಗೆ ಫೈಲು ಅಗುರ ಆಗಿರ್ಬೇಕು. ಇವತ್ತೂ ನಿಂತ್ಕಂಡ್ರೆ ಮಂಚಯ್ಯ ಮೈಸೂರವ್ರತ್ರ ಓಯ್ತಾನೆ. ಆಮೇಲೆ ನಾವೆಲ್ಲ ಕೆಳಗ್ ಓಗಿ ಟೈರಿಗೆ ಗಾಳಿ ಒಡ್ಕಂಡಿರ್ಬೇಕು, ಅಷ್ಟೆಯಾ." ಹೇಳಿದ್ದು ತಮಾಷೆಯಂತೆಯೇ. ಹೋಗುವಾಗ ಅವಳ ಮೇಜಿನ ಮೇಲಿದ್ದ ಕಡಲೆಬೀಜದ ಪೊಟ್ಟಣದಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹೋದ.

ಯಾರ ಕಸ ಎಂದು ಕೇಳುವುದಿಲ್ಲ ಎಂದದ್ದೇ ಅವಳಿಗೆ ಚುಚ್ಚಿತು. ಕೇಳಿಬಿಟ್ಟಿದ್ದರೆ ಒಂದು ಸುಳ್ಳಾದರೂ ಹೇಳಿ ಗೆಲ್ಲಬಹುದಿತ್ತು. ಯಾಕೆಂದರೆ ಕಸ ಅವಳದು. ಭವನದ ಕಾಂಪೌಂಡಿನಾಚೆ, ರಸ್ತೆಯಾಚೆ, ಮಾಡೆಲ್ಲಿನ ಹಸಿರು ನೆಲ ಮುಗಿದು ಬರೀ ಬಿಳುಪು ಶುರುವಾದ ಮೇಲೂ ಇನ್ನೂ ಬಹಳ ದೂರ ಹೋದರೆ, ಅಲ್ಲಿ ಅವಳ ಮನೆಯಿತ್ತು. ಅದು ಶುರುವಾದದ್ದು ಒಂದು ಕಿಟಕಿಯಿಂದ. ಹೆಣ್ಣಿನ ಕಡೆಯವರ ಕೋಣೆಗೆಂದು ಅವಳು ಅಗಲವಾದ ಕಟ್ಟೆಯಿರುವ, ಕಾಲು ಮಡಚಿ ಕೂರಬಹುದಾದ ಒಂದು ಕಿಟಕಿ ಮಾಡಿದ್ದಳು. ಕಮಿಟಿಯವರು, ಹೆಣ್ಣುಮಕ್ಕಳು ಕಿಟಕೀಲಿ ಕೂರಕ್ಕೆ ಬತ್ತಾರಾ ಎಂದು ಅದನ್ನು ತೆಗೆಸಿದರು. ಅಳಿಸಲು ಮನಸ್ಸಾಗಲಿಲ್ಲ. ಎತ್ತಿಕೊಂಡು ಹೋಗಿ ಯಾರೂ ಬರದ ಬಿಳುಪಿನಲ್ಲಿ ನಿಲ್ಲಿಸೋಣವೆಂದರೆ, ಗೋಡೆಯಿಲ್ಲದೆ ಕಿಟಕಿ ನಿಲ್ಲುವುದಿಲ್ಲ. ಒಂದು ಗೋಡೆ ಎಳೆದಳು. ಒಂಟಿ ಗೋಡೆ ನೋಡಲಾಗದೆ ಇನ್ನು ಮೂರು. ಬಿಸಿಲು ಬೀಳುತ್ತದೆಂದು ಸೂರು. ನೆಲ ತಣ್ಣಗಿರಲೆಂದು ಕೆಂಪು ಗಾರೆ. ಆಮೇಲೆ ಕಾಯುವ ಹೊತ್ತು ಸಿಕ್ಕಾಗಲೆಲ್ಲ ಒಂದೊಂದು. ತೊಟ್ಟಿಕ್ಕದ ನಲ್ಲಿ, ಕೈಗೆಟಕುವ ಶೆಲ್ಫು, ಗೋಡೆಗೆ ಒರಗಿಸಿದ ಒಂದು ಬೆತ್ತದ ಕುರ್ಚಿ, ಅದರ ಪಕ್ಕ ಲೋಟ ಇಡಲೊಂದು ಸ್ಟೂಲು. ಸಾಫ್ಟ್‌ವೇರಿನಲ್ಲಿ ಸೂರ್ಯನನ್ನು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಅವಳು ಇಳಿಹೊತ್ತಿಗೆ ನಿಲ್ಲಿಸಿದ್ದಳು. ಮುಗಿದ ಮೇಲೆ ಒಂದು ಗುಂಡಿ ಒತ್ತಿ ಎಲ್ಲವನ್ನೂ ಮರೆಮಾಡಿ ಭವನಕ್ಕೆ ವಾಪಸು ಬರುತ್ತಿದ್ದಳು. ಫೈಲು ಒಂದೊಂದು ದಿನ ಒಂದೊಂದಿಷ್ಟು ಭಾರವಾಗಿ, ಬಳೆ ಇನ್ನೂ ಇನ್ನೂ ಹೊತ್ತು ತಿರುಗತೊಡಗಿದಾಗ, ತನ್ನ ಮನೆಯ ಭಾರಕ್ಕೇ ಹೀಗಾಗುತ್ತಿದೆಯೆಂದು ಅವಳಿಗೆ ಖಾತ್ರಿಯಾಗಿತ್ತು. ಕಮೋಡು ನಿಂತ ದಿನ ಎಲ್ಲರೂ ನಗುವಾಗ ಅವಳು ಶಿವಶಂಕರನ ಕಿವಿಯನ್ನೇ ನೋಡಿದ್ದು ಅದಕ್ಕೇ.

ಅಗುರ ಆಗಿರ್ಬೇಕು. ಈ ಮಾತನ್ನು ಅವಳು ಇನ್ನೊಂದು ಕಡೆ ಕೇಳಿದ್ದಳು. ಅರಕೆರೆಯ ಗಂಡನ ಮನೆಯಲ್ಲಿ ಅವಳೂ ಧರ್ಮೇಂದ್ರನೂ ಮಲಗುವುದು ನಡುವಿನ ಕೋಣೆಯಲ್ಲಿ. ಅದಕ್ಕೆ ಈ ಕಡೆ ಒಂದು ಬಾಗಿಲು, ಆ ಕಡೆ ಒಂದು ಬಾಗಿಲು. ಮುಂಭಾಗದಿಂದ ಬಚ್ಚಲಿಗೆ ಹೋಗಬೇಕಾದವರೆಲ್ಲ ಅದನ್ನು ಹಾದೇ ಹೋಗಬೇಕು. ಅತ್ತೆ ಸೋಮಮ್ಮ ಹೋಗುತ್ತಾಳೆ, ಮೈದುನ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಹೋಗುತ್ತಾನೆ, ಅವನ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಬರುತ್ತಾಳೆ. ಕೆಟ್ಟವರಲ್ಲ. ಮಲಗಿದ್ದವಳ ಕಾಲು ದಾಟುವಾಗ "ಮಲಕ್ಕಳವ್ವ, ಏಳ್ಬ್ಯಾಡ" ಎಂದು ಹೇಳಿಯೇ ದಾಟುತ್ತಾರೆ. ಒಂದು ಸಲ ನಾಗಮಂಗಲದಿಂದ ಬಂದಿದ್ದ ನೆಂಟರಾಕೆ, "ನಿನ್ ರೂಮ್ ಯಾವ್ದವ್ವ?" ಎಂದು ಕೇಳಿದಾಗ ದಿವ್ಯ, "ನಾವ್ ರೋಡಲ್ಲೇ ಮಲಗದು ಚಿಕ್ಕಮ್ಮ" ಎಂದುಬಿಟ್ಟಳು. ಬಂದವರು ನಕ್ಕರು, ಸೋಮಮ್ಮನೂ ನಕ್ಕಳು. ಅವರು ಹೋದ ಮೇಲೆ ತಟ್ಟೆಗಳನ್ನು ಒಂದರೊಳಗೊಂದು ಇಡುತ್ತ, ಸಿಟ್ಟಿಲ್ಲದ ದನಿಯಲ್ಲಿ, "ಮನೇನ ಅಗುರ ಮಾಡ್ಬುಟ್ಟೆ ಕಣವ್ವ ಬಂದೋರ್ ಮುಂದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ಅವಳೊಳಗೆ ಎಲ್ಲೋ ಸಿಕ್ಕಿಕೊಂಡು ಕೂತಿತು. ಮನೆಯೊಂದನ್ನು ಹಗುರ ಮಾಡುವುದು ಎಷ್ಟು ಸುಲಭ, ಬಾಯಿ ತೆರೆದರೆ ಸಾಕು. ಅಂದಿನಿಂದ ಅವಳು ಮನೆಯ ವಿಷಯ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಧರ್ಮೇಂದ್ರನ ಹತ್ತಿರವೂ.

"ಬಳೆ ನಿಂತಿದೆ ಮೇಡಂ, ಎಲ್ಲಿದ್ದೀರಿ?" ಎಂದ ನಯಾಜ್. ಪಕ್ಕದ ಮೇಜಿನವನು, ಗಂಜಾಮಿನಿಂದ ಸ್ಕೂಟರಿನಲ್ಲಿ ಬಂದು ಇದೇ ಮಾಡೆಲ್ಲಿಗೆ ವೈರು, ಪೈಪು ಎಳೆಯುವವನು. ಅವಳಿಗಿಂತ ನಾಲ್ಕಾರು ವರ್ಷ ದೊಡ್ಡವನು, ಆದರೂ ಬಾಯಿತುಂಬ ಮೇಡಂ. ಗೋಡೆ ಸರಿದಿತ್ತು. ದಿವ್ಯ ಬೆಚ್ಚಿ ಕೈ ಆಡಿಸಿದಳು. ನಯಾಜ್ ಕುರ್ಚಿಯನ್ನು ಚಕ್ರದ ಮೇಲೇ ಎಳೆದುಕೊಂಡು ಬಂದ. "ಇಬ್ರೂ ಕೂತ್ಕೊಂಡು ಕಸ ಹೊಡ್ದುಬುಡಾಣ. ಇಲ್ಲಾಂದ್ರೆ ಸಾಹೇಬ್ರು ನಿಜವಾಗ್ಲೂ ಗಾಳಿ ಹೊಡಿಯೋಕೆ ಕಳಿಸ್ತಾರೆ." ಬೆಳಿಗ್ಗೆಯೇ ಅವಳ ಮಾತಿನಂತೆ ಅವನು ಈ ಫೈಲಿನ ಹಳೆಯ ಪ್ರತಿಗಳನ್ನೆಲ್ಲ ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡಿದ್ದ. ಉಳಿದದ್ದು ಈ ಒಂದೇ ಪ್ರತಿ. ಅದರೊಳಗೆ ಮೊದಲು ಸೈಟಿನ ಫೋಟೋಗಳನ್ನು ತೆಗೆದರು. ಆಮೇಲೆ ಯಾರೋ ಕಳಿಸಿದ್ದ ಹಳೆಯ ನಕ್ಷೆಗಳು. ಆಮೇಲೆ, ಬಳಕೆಯಲ್ಲಿಲ್ಲದ್ದನ್ನು ತೋರಿಸು ಎಂದು ಕೇಳಿದಾಗ ಕಂಪ್ಯೂಟರು ಒಂದು ಉದ್ದ ಪಟ್ಟಿ ಬಿಚ್ಚಿತು. ಎಂದೂ ಯಾವ ಚೌಕಟ್ಟಿಗೂ ಏರದ ಬಾಗಿಲುಗಳು, ಯಾವ ಗೋಡೆಗೂ ಬಳಿಯದ ಬಣ್ಣಗಳು, ಯಾವ ಮಾಡಿನಿಂದಲೂ ಇಳಿಬೀಳದ ಫ್ಯಾನುಗಳು. ಯಾರೋ ಯಾವಾಗಲೋ ಬೇಕಾದೀತೆಂದು ತಂದು, ಬೇಡವಾಗಿ, ಮರೆತವು. ದಿವ್ಯಳಿಗೆ ಆ ಪಟ್ಟಿಯ ಮೇಲೆ ಕನಿಕರ ಹುಟ್ಟಿತು. ಮದುವೆಗೆ ಕರೆಸಿ ಊಟಕ್ಕೆ ಕೂರಿಸದೆ ಬಿಟ್ಟ ಜನದ ಹಾಗೆ ಅವು ಸಾಲಾಗಿ ನಿಂತಿದ್ದವು. ನಯಾಜ್ ಎಲ್ಲಕ್ಕೂ ಗುರುತು ಹಾಕಿ ಅಳಿಸಿದ. ಉಳಿಸಿ ನೋಡಿದರೆ ಫೈಲು ಇನ್ನೂ ಒಂದು ಜಿಬಿಯ ಹತ್ತಿರವೇ ಇತ್ತು.

"ಯಾ ಅಲ್ಲಾ. ಇದ್ರೊಳಗೆ ಇನ್ನೇನೋ ಅಡಗಿದೆ" ಎಂದು ನಯಾಜ್, ದಿವ್ಯ ತಡೆಯುವ ಮೊದಲೇ, ಮರೆಮಾಡಿದ್ದೆಲ್ಲ ಕಾಣಲಿ ಎಂದು ಒತ್ತಿದ. ಆಮೇಲೆ ಇಡೀ ಮಾಡೆಲ್ಲು ಒಂದೇ ಪರದೆಯಲ್ಲಿ ಹಿಡಿಯಲಿ ಎಂದು ಇನ್ನೊಂದು ಗುಂಡಿ. ಬಳೆ ತಿರುಗಿತು. ಭವನ ಹಿಂದಕ್ಕೆ ಹಿಂದಕ್ಕೆ ಸರಿದು, ಕುಗ್ಗಿ, ಕೊನೆಗೆ ಪರದೆಯ ಎಡ ಮೂಲೆಯಲ್ಲಿ ಒಂದು ಸಾಸಿವೆ ಕಾಳಾಯಿತು. ಬಲಗಡೆಯ ಮೇಲಿನ ಮೂಲೆಯಲ್ಲಿ ಇನ್ನೊಂದು ಕಾಳು, ಇನ್ನೂ ಸಣ್ಣದು. ನಡುವೆ ಬರೀ ಬಿಳುಪು.

"ಇದೇನು?" ಎಂದ ನಯಾಜ್.

ಅವನು ಆ ಕಾಳಿನ ಮೇಲೆ ಮೌಸಿಟ್ಟು ಒಳಗೆ ಹೋದ. ಅವಳು ನೋಡುತ್ತ ಕೂತಳು, ತನ್ನ ಮೈಮೇಲಿನ ಸೆರಗನ್ನು ಬೇರೆಯವರು ಸರಿಸುವುದನ್ನು ತಾನೇ ನೋಡುವ ಹಾಗೆ. ಅವನು ಕೆಂಪು ನೆಲ ನೋಡಿದ. ಶೆಲ್ಫು ನೋಡಿದ. ನಲ್ಲಿಯನ್ನು ಸುತ್ತಿ ಬಂದ, ಅದರ ಪೈಪು ಎಲ್ಲಿಗೂ ಜೋಡಿಸಿರಲಿಲ್ಲ, ಅದಕ್ಕೆ ತುಸು ಹೊತ್ತು ನಿಂತ. ಕಿಟಕಿಯ ಕಟ್ಟೆಯ ಮೇಲಿನ ಬಿಸಿಲನ್ನು ನೋಡಿ ಮೌಸಿನಿಂದ ಕೈ ತೆಗೆದ. ಅವನ ಮುಖದಲ್ಲಿ ನಗು ಬರುತ್ತದೆಯೇ ಎಂದು ಅವಳು ಕದ್ದು ನೋಡಿದಳು. ಬರಲಿಲ್ಲ.

"ಒಂದೇ ಕುರ್ಚಿ" ಎಂದ ಅವನು, ತನಗೆ ತಾನೇ ಎಂಬಂತೆ. ಮತ್ತೆ ಹೊರಗೆ ಬಂದು ಮನೆಯನ್ನು ಸುತ್ತ ತಿರುಗಿಸಿದ, ಒಂದು ಸುತ್ತು, ಎರಡು ಸುತ್ತು. "ಬಾಗ್ಲೆಲ್ಲಿ ಮೇಡಂ?"

"ಯಾವ ಬಾಗ್ಲು?"

"ಮನೆಗೆ. ಒಳಗೆ ಹೋಗೋದೆಂಗೆ?"

ದಿವ್ಯ ಪರದೆಗೆ ಮುಖ ಹತ್ತಿರ ತಂದು ನೋಡಿದಳು. ನಾಲ್ಕು ಗೋಡೆ, ಒಂದು ಕಿಟಕಿ, ಅಷ್ಟೆ. ಈ ಆಫೀಸಿನಲ್ಲಿ ಕೂತು ಅವಳು ಎಷ್ಟೋ ಮನೆಗಳಿಗೆ ಬಾಗಿಲಿಟ್ಟಿದ್ದಳು. ಪೂರ್ವಕ್ಕೆ ಬರಲಿ, ಉತ್ತರಕ್ಕೆ ಬರಲಿ, ಎದುರಿಗೆ ಲೈಟಿನ ಕಂಬ ಬೇಡ ಎಂದು ಜನ ಎಷ್ಟು ಜಗಳವಾಡಿದರೂ ತಾಳ್ಮೆಯಿಂದ ಇಟ್ಟುಕೊಟ್ಟಿದ್ದಳು. ತನ್ನದಕ್ಕೆ ಇಡಬೇಕೆಂದು ಹೊಳೆದೇ ಇರಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ. ಮೌಸಿನ ಚಕ್ರ ತಿರುಗಿಸಿದರೆ ಗೋಡೆ ದಾಟಿ ಒಳಗಿರುತ್ತಿದ್ದಳು. ಮೇಲುಕೋಟೆಯ ಕೊಳದಲ್ಲಿ ಚಿಕ್ಕವಳಿದ್ದಾಗ ಮುಳುಗು ಹಾಕಿದಾಗ ಹೀಗೇ ಇತ್ತು, ಒಂದು ಕ್ಷಣ ಮೇಲೆ ಗದ್ದಲ, ಮರುಕ್ಷಣ ಕಿವಿ ತುಂಬ ಹಸಿರು ಮೌನ. ನೀರಿಗೆ ಬಾಗಿಲಿದೆಯೇ ಎಂದು ಯಾರು ಕೇಳುತ್ತಾರೆ. ಅಪ್ಪ ರಟ್ಟೆ ಹಿಡಿದು ಎಳೆಯುವವರೆಗೆ ಅವಳು ಕೆಳಗೇ ಇರುತ್ತಿದ್ದಳು.

"ಮರ್ತಿದ್ದೆ" ಎಂದಳು.

ನಯಾಜ್ ತಲೆಯಾಡಿಸಿದ. ಆಮೇಲೆ ದನಿ ತಗ್ಗಿಸಿ, "ಇದನ್ನ ಬೇರೆ ಫೈಲು ಮಾಡಿ ಇಟ್ಕೊಳ್ಳಿ. ಆಮೇಲೆ ಇಲ್ಲಿಂದ ತೆಗೀರಿ. ನಾನು ನೋಡ್ಲೇ ಇಲ್ಲ, ಆಯ್ತಾ? ಟೀ ತರ್ತೀನಿ" ಎಂದು ಎದ್ದು ಮೆಟ್ಟಿಲಿಳಿದ. ಅವನು ಇಷ್ಟು ಒಳ್ಳೆಯವನಾಗಿರಬಾರದಿತ್ತು ಎಂದು ಅವಳಿಗೆ ಅನ್ನಿಸಿತು. ನಕ್ಕಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಅವಳು ಇಡೀ ಮನೆಯನ್ನು ಆರಿಸಿದಳು. ಅದು ನೀಲಿಯಾಗಿ ಮಿನುಗಿತು. ಬೇರೆಯಾಗಿ ಉಳಿಸು ಎಂದಾಗ ಒಂದು ಸಣ್ಣ ಕಿಟಕಿ ತೆರೆದು ಹೆಸರು ಕೇಳಿತು. ಈ ಆಫೀಸಿನಲ್ಲಿ ಫೈಲಿಗೆ ಹೆಸರಿಡುವ ಒಂದು ಪದ್ಧತಿಯಿತ್ತು. ಮೊದಲು ಮಾಲೀಕರ ಹೆಸರು, ಆಮೇಲೆ ಊರು. ಮಂಚಯ್ಯ, ಕೆ.ಆರ್. ಪೇಟೆ. ಪುಟ್ಟಸ್ವಾಮಿ, ಕ್ಯಾತನಹಳ್ಳಿ. ಕ್ಯಾತನಹಳ್ಳಿ ಅವಳ ತವರು. ದಿವ್ಯ ಎಂದು ಬರೆದಳು. ಅದರ ಮುಂದೆ ಗೆರೆಯೊಂದು ಮಿಟುಕುತ್ತ ಊರಿಗಾಗಿ ಕಾಯಿತು. ಅರಕೆರೆ ಎಂದು ಬರೆದರೆ ಮನೆ ಅರಕೆರೆಯಲ್ಲಿ ಇದ್ದಂತಾಗುತ್ತದೆ, ಸೋಮಮ್ಮ ಅದನ್ನು ಹಾದು ಬಚ್ಚಲಿಗೆ ಹೋಗುತ್ತಾಳೆ. ಕ್ಯಾತನಹಳ್ಳಿ ಎಂದರೆ ತವರಿಗೆ ಓಡಿ ಹೋದಂತಾಗುತ್ತದೆ. ಅಳಿಸಿ ಮತ್ತೆ ದಿವ್ಯ ಎಂದಷ್ಟೇ ಉಳಿಸಿಕೊಂಡಳು. ಬರೀ ಹೆಸರು, ಊರಿಲ್ಲದ್ದು, ಆಸ್ಪತ್ರೆಯ ಚೀಟಿಯಂತೆ ಕಂಡಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಯಾಜನ ಚಪ್ಪಲಿಯಲ್ಲ, ಶಿವಶಂಕರನ ಬೂಟು. ಅವಳ ಕೈಕಾಲು ಆಡಲಿಲ್ಲ. ಆಡಿದ್ದು ಒಂದೇ ಬೆರಳು. ಹೆಸರಿನ ಕಿಟಕಿಯನ್ನು ಮುಚ್ಚಿತು, ಮಿನುಗುತ್ತಿದ್ದ ಮನೆಯನ್ನು ಅಳಿಸಿತು, ಫೈಲನ್ನು ಉಳಿಸಿ ಮುಚ್ಚಿಯೂ ಮುಚ್ಚಿತು. ಬಳೆ ಕೂಡ ಹೆಚ್ಚು ಹೊತ್ತು ತಿರುಗಲಿಲ್ಲ.

"ಆಯ್ತೇನಮ್ಮ?" ಎಂದ ಶಿವಶಂಕರ್ ಬಾಗಿಲಲ್ಲಿ ನಿಂತು.

"ಆಯ್ತಾ ಬಂತು ಸಾರ್."

ಅವನು ಒಳಕೋಣೆಗೆ ಹೋದ. ಅವಳು ಫೈಲಿನ ಪಕ್ಕದ ಅಂಕಿಯನ್ನು ನೋಡಿದಳು. ಮೊದಲಿದ್ದ ಅಂಕಿಯೇ. ಕಂಪ್ಯೂಟರು ಇನ್ನೂ ಲೆಕ್ಕ ಹಾಕುತ್ತಿರಬೇಕೆಂದುಕೊಂಡು ಪರದೆಯನ್ನು ರಿಫ್ರೆಶ್ ಮಾಡಿದಳು. ಅದೇ ಅಂಕಿ. ಕಣ್ಣು ಕಿರಿದು ಮಾಡಿ ನೋಡಿದರೆ ಕೊನೆಯಲ್ಲೊಂದು ಚೂರು ಇಳಿದಿತ್ತು, ಅನ್ನದ ಪಾತ್ರೆಯಿಂದ ಒಂದು ಅಗುಳು ತೆಗೆದಷ್ಟು. ಕೆಂಪು ನೆಲ, ಕಿಟಕಿ, ಶೆಲ್ಫು, ನಲ್ಲಿ, ಬೆತ್ತದ ಕುರ್ಚಿ, ಸ್ಟೂಲು, ಎರಡು ವರ್ಷದ ಇಳಿಬಿಸಿಲು, ಎಲ್ಲ ಸೇರಿ ಅಷ್ಟೇ ತೂಗಿದ್ದವು.

ಟೀ ತಂದ ನಯಾಜ್ ಅಂಕಿಯನ್ನು ನೋಡಿದ, ಅವಳ ಮುಖವನ್ನು ನೋಡಿದ, ಕೂತು ಫೈಲು ತೆರೆದ. ಭವನದ ಒಂದೊಂದೇ ಭಾಗವನ್ನು ಬೇರೆ ಮಾಡಿ ತೂಗುತ್ತ ಹೋದ. ಮದುವೆಯ ಹಾಲಿಗೆ ಬಂದ ಮೇಲೆ ಕಂಪ್ಯೂಟರು ನರಳಿತು. "ಸಿಕ್ದ ನೋಡಿ ಕಳ್ಳ" ಎಂದ. ಸಿಕ್ಕಿದ್ದು ಮದುಮಕ್ಕಳ ಕುರ್ಚಿ. ಶಿವಶಂಕರನೇ ಒಂದು ಸಂಜೆ, ಹಾಲ್ ರಿಚ್ಚಾಗಿ ಕಾಣಲಿ ಎಂದು, ಇಂಟರ್ನೆಟ್ಟಿನಿಂದ ಇಳಿಸಿಕೊಂಡು ತಂದು ಇಟ್ಟಿದ್ದ. ಅಷ್ಟಕ್ಕೇ ಬಿಡದೆ ಮಂಚಯ್ಯನ ಮನಸ್ಸಿಗೆ ಬರಲೆಂದು ಮುಂದಿನ ಸಾಲುಗಳಿಗೂ ಬೇರೆ ಬೇರೆ ಅಳತೆಯಲ್ಲಿ ಅದನ್ನೇ ತುಂಬಿದ್ದ. ನಯಾಜ್ ಒಂದು ಕುರ್ಚಿಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಹೋದ. ಕೈಯಿಡುವ ಜಾಗದಲ್ಲಿ ಒಂದು ಸಿಂಹದ ತಲೆ ಬಾಯಿ ತೆರೆದುಕೊಂಡಿತ್ತು. "ಹಲ್ಲು ಕೊಟ್ಟವ್ನೆ, ಸರಿ. ನಾಲ್ಗೆನೂ ಕೊಟ್ಟವ್ನೆ, ಅದೂ ಸರಿ. ಒಳಗ್ ಬನ್ನಿ ಮೇಡಂ, ಕಿರುನಾಲ್ಗೆನೂ ಐತೆ" ಎಂದ. ನಿಜವಾಗಿಯೂ ಇತ್ತು. ಕತ್ತಲ ಗಂಟಲಲ್ಲಿ ತೂಗುಬಿದ್ದ ಸಣ್ಣ ಕಿರುನಾಲಿಗೆ, ಯಾವ ಮದುಮಗನೂ ಬಗ್ಗಿ ನೋಡಲಾರದ ಕಡೆ, ನುಣ್ಣಗೆ, ದುಂಡಗೆ, ಸಾವಿರಾರು ಮೂಲೆಗಳಿಂದ ಮಾಡಿದ್ದು, ಒಂದೊಂದು ಮೂಲೆಯೂ ಫೈಲಿಗೆ ಒಂದಿಷ್ಟು ಭಾರ. ಆ ಒಂದು ಕಿರುನಾಲಿಗೆಯ ಮುಂದೆ ಅವಳ ಮನೆ ಲೆಕ್ಕಕ್ಕೇ ಇರಲಿಲ್ಲ. ನಯಾಜ್ ಸಿಂಹದ ಕುರ್ಚಿಗಳನ್ನೆಲ್ಲ ತೆಗೆದು ಸಾದಾ ಕುರ್ಚಿ ಇಟ್ಟ. ಅಂಕಿ ಕಾಲುಭಾಗಕ್ಕೆ ಇಳಿಯಿತು. ಭವನ ಅವನ ಬೆರಳಿನ ಕೆಳಗೆ ಬುಗುರಿಯಂತೆ ತಿರುಗಿತು.

ಅವಳಿಗೆ ದುಃಖವಾಗಬೇಕಿತ್ತು. ಆದದ್ದು ಅವಮಾನ. ಇಷ್ಟು ದಿನ ತಾನು ಕಳ್ಳಿಯಂತೆ ಅಡಗಿಸಿಟ್ಟು, ಯಾರಾದರೂ ಹಿಡಿದಾರೆಂದು ಬೆವರಿ, ಇಡೀ ಆಫೀಸನ್ನು ಮುಳುಗಿಸುತ್ತಿದ್ದೇನೆಂದು ಒಳಗೊಳಗೇ ತುಸು ಹೆಮ್ಮೆಯನ್ನೂ ಪಟ್ಟಿದ್ದ ಭಾರ ಭಾರವೇ ಆಗಿರಲಿಲ್ಲ. ಯಾರಿಗೂ ತೊಂದರೆ ಕೊಡದಷ್ಟು ಸಣ್ಣದೊಂದು ಆಸೆ. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ. ಯಾರೂ ಕೇಳದೆ ತಾನೇ ಕೊಟ್ಟುಬಿಟ್ಟಳು. ಹಳೆಯ ಪ್ರತಿ ಎಲ್ಲಾದರೂ ಉಳಿದಿದೆಯೇ ಎಂದು ನಯಾಜನನ್ನು ಕೇಳಬೇಕೆಂದುಕೊಂಡಳು. ಅವನೇ ತಲೆ ತಗ್ಗಿಸಿ, "ಬೆಳಿಗ್ಗೆ ಎಲ್ಲಾ ಅಳಿಸ್ಬಿಟ್ಟೆ ಮೇಡಂ" ಎಂದ. ಇಬ್ಬರೂ ಟೀ ಕುಡಿದರು.

ಮಧ್ಯಾಹ್ನ ಎಲ್ಲ ಸಲೀಸಾಗಿ ನಡೆಯಿತು. ದೊಡ್ಡ ಟೀವಿಯ ಮೇಲೆ ದಿವ್ಯ ಕಮಿಟಿಯವರನ್ನು ಮೆಟ್ಟಿಲು ಹತ್ತಿಸಿದಳು, ಇಳಿಸಿದಳು, ಊಟದ ಹಾಲಿನಲ್ಲಿ ಒಂದು ಸುತ್ತು ಹಾಕಿಸಿ ಕಕ್ಕಸಿನ ಮುಂದಿನಿಂದ ನಿಲ್ಲದೆ ದಾಟಿಸಿದಳು. ಮಂಚಯ್ಯ, "ಈಗ್ ಓಡ್ತದಲ್ಲಪ್ಪ" ಎಂದು ಮೀಸೆ ಸವರಿಕೊಂಡ. ಸಿಂಹದ ಕುರ್ಚಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಶಿವಶಂಕರ್ ಅವಳತ್ತ ಕೈ ತೋರಿಸಿ, "ಇದ್ರೊಳಗಿದ್ದ ಕಸ ಎಲ್ಲಾನೂ ನಮ್ ದಿವ್ಯಮ್ಮ ಗುಡ್ಸಾಕವ್ಳೆ" ಎಂದ. ಎಲ್ಲರೂ ತಿರುಗಿ ಅವಳನ್ನು ಮೆಚ್ಚುಗೆಯಿಂದ ನೋಡಿದರು. ಅವಳೂ ನಕ್ಕಳು. ನಗುವಾಗ ಟೀವಿಯಲ್ಲಿ ಭವನದ ಕಾಂಪೌಂಡು ಕಾಣುತ್ತಿತ್ತು, ಅದರಾಚೆ ರಸ್ತೆ, ಅದರಾಚೆ ಬಿಳುಪು. ಅವಳ ಬೆರಳು ತನ್ನಷ್ಟಕ್ಕೆ ಆ ಕಡೆಗೆ ಹೊರಟಿತ್ತು, ಹಿಡಿದುಕೊಂಡಳು.

ಸಂಜೆ ಧರ್ಮೇಂದ್ರ ಪಾಂಡವಪುರದ ಕಡೆ ಬಾಡಿಗೆ ಮುಗಿಸಿ ಬರುತ್ತ ಅವಳನ್ನು ಕರೆದುಕೊಂಡ. ಡೇರಿಗೆ ಹಾಲು ಸಾಗಿಸುವ ಅವನ ಲಗೇಜ್ ಗಾಡಿಯ ಹಿಂದೆ ಖಾಲಿ ಕ್ಯಾನುಗಳು ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು. ನಾಲೆಯ ಪಕ್ಕದ ರಸ್ತೆಗೆ ತಿರುಗಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ, ನೀರಿನ ಮೇಲೆ ಕೆಂಪು ಬೆಳಕು. ಈ ಸೂರ್ಯನನ್ನು ಅವಳು ನಿಲ್ಲಿಸಿರಲಿಲ್ಲ, ಬೆಳಕು ನೋಡನೋಡುತ್ತಲೇ ಕರಗುತ್ತಿತ್ತು. ಯಾವ ಮನೆಯೂ ಇಲ್ಲದೆ ಕೂತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಮೈ ಎಷ್ಟು ಹಗುರಾಗಿತ್ತೆಂದರೆ ಗಾಡಿ ಒಂದು ಗುಂಡಿ ಹಾರಿದರೆ ತಾನು ಕಿಟಕಿಯಿಂದ ತೇಲಿ ಹೋಗಬಹುದೆಂದು ಹೆದರಿ ಸೀಟನ್ನು ಹಿಡಿದುಕೊಂಡಳು. ಅಷ್ಟು ಸಣ್ಣದನ್ನು ಕೇಳಿದರೆ ಏನಾಗುತ್ತದೆ? ಯಾರ ಮನೆ ಹಗುರಾಗುತ್ತದೆ?

"ರೀ, ನಂಗೊಂದು ಮನೆ ಬೇಕು."

ಧರ್ಮೇಂದ್ರ ಹಾಡಿನ ಸದ್ದು ತಗ್ಗಿಸಿದ. "ಮನೆ ಐತಲ್ಲ."

"ಅದಲ್ಲ. ಬ್ಯಾರೆ. ಸಣ್ದು."

ಅವನು ಸಿಟ್ಟಾಗಲಿಲ್ಲ. ಎದುರು ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟ. ಆಮೇಲೆ ಅವನ ಮುಖ ಅರಳುತ್ತ ಬಂತು. "ಕಟ್ಟಾನ ಬುಡು. ನಂಗೂ ಆಸೆ ಇಲ್ವಾ? ಗದ್ದೆ ಮೇಲ್ಗಡೆ ಜಾಗ ಐತೆ. ಅವ್ವಂಗೆ ಮಂಡಿನೋವು, ಮೆಟ್ಲತ್ತಕ್ ಆಗಕಿಲ್ಲ, ಮುಂದ್ಗಡೆ ರೂಮು ಅವ್ವಂಗೇ ಇರ್ಲಿ. ಪಕ್ಕದ್ದು ತಮ್ಮಂಗೆ. ಇಂದ್ಗಡೆ ಕ್ಯಾನ್ ತೊಳ್ಯಕ್ಕೆ ಒಂದ್ ಜಾಗ ಬೇಕು. ನಡುಮನೆ ದೊಡ್ದಾಗಿರ್ಲಿ, ಅಬ್ಬ ಅಂದ್ರೆ ಎಲ್ರೂ ಬತ್ತಾರಲ್ಲ. ಅವ್ವನ್ನೂ ಒಂದ್ ಮಾತ್ ಕೇಳಾನ, ಖುಷಿ ಪಡ್ತಳೆ." ಅವನು ಹೇಳುತ್ತಲೇ ಹೋದ. ಪ್ರೀತಿಯಿಂದ ಹೇಳುತ್ತಿದ್ದ, ಅದೇ ಕಷ್ಟ. ಅವನ ಒಂದೊಂದು ಮಾತಿಗೂ ಯಾರೋ ಒಬ್ಬರು ಹಾಸಿಗೆ ಸುರುಳಿಯ ಸಮೇತ ಒಳಗೆ ಬಂದು ಕೂರುತ್ತಿದ್ದರು. ಹಬ್ಬದ ನೆಂಟರು ಬಂದರು, ಕ್ಯಾನುಗಳು ಬಂದವು, ಒದ್ದೆ ಬಟ್ಟೆಯ ಬಕೆಟ್ಟು ಬಂತು.

"ಅದ್ರಲ್ಲಿ ಒಂದೇ ಕುರ್ಚಿ ಐತೆ" ಎಂದಳು ದಿವ್ಯ.

"ಯಾವುದ್ರಲ್ಲಿ?"

"ನನ್ ಮನೇಲಿ."

ಅವನು ನಕ್ಕ. "ಇನ್ನೊಂದ್ ನಾಕು ತಂದ್ರಾಯ್ತು ಬುಡು."

"ಬ್ಯಾಡ."

ಅವಳು ಜೋರಾಗಿ ಹೇಳಲಿಲ್ಲ. ಆದರೂ ಧರ್ಮೇಂದ್ರ ನಾಲೆಯ ಸೇತುವೆಯ ಹತ್ತಿರ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿದ. ಕ್ಯಾನುಗಳು ಸುಮ್ಮನಾದವು. ಅವನು ಅವಳ ಕಡೆಗೆ ಪೂರ್ತಿ ತಿರುಗಿ ಕೂತು ನೋಡಿದ, ಜ್ವರ ಬಂದವರನ್ನು ನೋಡುವ ಹಾಗೆ.

"ಅಂಗಾರೆ ನಾನೆಲ್ಲಿ ಕೂತ್ಕಳದು?" ಎಂದು ಕೇಳಿದ.

ಕೊಂಕಿರಲಿಲ್ಲ ಅದರಲ್ಲಿ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ಇಷ್ಟು ದಿನ ಆ ಮನೆಯಲ್ಲಿ ಅವನನ್ನು ಅವಳು ಒಂದು ಸಲವೂ ಇಟ್ಟು ನೋಡಿರಲಿಲ್ಲ. ಸಿಟ್ಟಿನಿಂದ ಹೊರಗೆ ಹಾಕಿದ್ದಲ್ಲ. ಅವನ ನೆನಪೇ ಆಗಿರಲಿಲ್ಲ. ಅವಳ ಮಗ್ಗುಲಲ್ಲಿ ಮಲಗಿ, ಅವಳಂತೆಯೇ ಎಲ್ಲರಿಂದಲೂ ದಾಟಿಸಿಕೊಳ್ಳುವ ಮನುಷ್ಯ. ಅವನಿಗೆ ಇಂಥದೊಂದು ಎಲ್ಲಾದರೂ ಇದೆಯೋ ಇಲ್ಲವೋ ಎಂದು ಕೂಡ ಅವಳು ಯಾವತ್ತೂ ಕೇಳಿರಲಿಲ್ಲ. ನಾಚಿಕೆಯಿಂದ ಅವಳ ಕಣ್ಣು ತುಂಬಿತು. ಆದರೆ ಇನ್ನೊಂದು ಕುರ್ಚಿ ಹಾಕಬಹುದು ಎಂದು ಹೇಳಲು ಬಾಯಿ ಬರಲಿಲ್ಲ.

"ನೀವು ಒರ್ಗಡೆ ಕೂತಿರಿ" ಎಂದಳು ಕೊನೆಗೆ. "ನಾನ್ ಕರ್ದಾಗ ಒಳಿಕ್ ಬನ್ನಿ."

ಅವನು ಅದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದ. ಸೇತುವೆಯ ಕೆಳಗೆ ನೀರು ಹೋಗುವ ಸದ್ದು ಕೇಳಿಸುತ್ತಿತ್ತು.

"ಕರೀತೀಯಾ?"

ಕರೀತೀನಿ ಎಂದುಬಿಡುವುದು ಸುಲಭವಿತ್ತು. ಸುಳ್ಳು ಹೇಳಬಾರದೆಂದು ದಿವ್ಯ ಯೋಚಿಸತೊಡಗಿದಳು. ಧರ್ಮೇಂದ್ರ ಗಾಡಿ ಚಾಲೂ ಮಾಡದೆ ಕಾಯುತ್ತ ಕೂತ.